ಒಂದು ಮಗು, ಹತ್ತು ಬಾಗಿಲು

ಸೋದರಿಯರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇರಬಹುದು. ಬೀದಿ ಬಾಗಿಲು ಯಾವಾಗಲೂ ಅರ್ಧ ಹಾಕಿರುತ್ತದೆ. ಒಳಗೆ ಚಾಪೆಯ ಮೇಲೆ ಒಂದು ಮಗು ಮಲಗಿರುತ್ತದೆ. ವಯಸ್ಸು ಏಳೋ ಎಂಟೋ. ಆದರೆ ಕೂರಲಾರದು, ಮಾತು ಸ್ಪಷ್ಟವಿಲ್ಲ. ಅರಿಸಿನ ಕುಂಕುಮಕ್ಕೆ ಹೋದ ನಾವು 'ಅಯ್ಯೋ ಪಾಪ, ಯಾವ ಜನ್ಮದ ಕರ್ಮವೋ' ಎಂದು ಲೊಚಗುಟ್ಟಿ, ತಾಂಬೂಲ ತೆಗೆದುಕೊಂಡು ಬಂದುಬಿಡುತ್ತೇವೆ.

ನಾನೂ ಹಾಗೇ ಇದ್ದವಳು. ಇದು ಬೇರೆಯವರ ಮನೆಯ ಮಾತಲ್ಲ, ನನ್ನ ನಾದಿನಿಯ ಮಗಳ ಮಾತು. ಐದು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ಕರೆಯಲು ಹೋದಾಗ, "ಪುಟ್ಟೀನ ಯಾರ ಹತ್ರನಾದ್ರೂ ಬಿಟ್ಟು ಬಾಮ್ಮ, ಜನ ಜಾಸ್ತಿ, ನಿನಗೂ ಕಷ್ಟ" ಅಂದಿದ್ದೆ. ನಾದಿನಿ ಮಾತಾಡಲಿಲ್ಲ. ಗೃಹಪ್ರವೇಶಕ್ಕೆ ಬರಲೂ ಇಲ್ಲ. ಆ ತಪ್ಪನ್ನು ನೆನೆದುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ.

ಪುಟ್ಟಿ ಹುಟ್ಟಿದಾಗ ತಕ್ಷಣ ಅಳಲಿಲ್ಲ. ಎಂಟು ತಿಂಗಳಾದರೂ ಕತ್ತು ನಿಲ್ಲಲಿಲ್ಲ. "ನಿಧಾನಕ್ಕೆ ಬರುತ್ತೆ ಬಿಡು, ಅವರಪ್ಪನೂ ಎರಡು ವರ್ಷಕ್ಕೆ ನಡೆದಿದ್ದು" ಎಂದು ಹಿರಿಯರು ಸಮಾಧಾನ ಹೇಳಿದರು. ಇದು ಸರಿಯಿಲ್ಲ ಎಂದು ಮೊದಲು ಹೇಳಿದವರು ಅಂಗನವಾಡಿ ಟೀಚರು. ಸೆರೆಬ್ರಲ್ ಪಾಲ್ಸಿ, ಅಂದರೆ ಬೆಳೆಯುವ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವುದು ಎಂದು ಆಮೇಲೆ ತಿಳಿಯಿತು. ಜೊತೆಗೆ ಆಗಾಗ ಫಿಟ್ಸ್. ಕಿವಿಯೂ ಮಂದ.

ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು

ಇಂಥ ಮಕ್ಕಳಿಗೆ ಏನೂ ಸೌಲಭ್ಯವಿಲ್ಲ ಎಂದು ನಾವು ತಿಳಿದಿದ್ದೇವೆ. ಇದೆ, ಆದರೆ ಒಂದೊಂದೂ ಒಂದೊಂದು ಬಾಗಿಲಲ್ಲಿದೆ. ಫಿಟ್ಸಿಗೆ ಒಬ್ಬ ವೈದ್ಯರು, ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಕೈಕಾಲಿಗೆ ಜಿಲ್ಲಾ ಆಸ್ಪತ್ರೆ, ಗುರುತಿನ ಚೀಟಿಗೆ ಮತ್ತೊಂದು ಕಚೇರಿ. ಹತ್ತು ಬಾಗಿಲಿಗೆ ಮಗುವನ್ನು ಸೊಂಟದಲ್ಲಿ ಹೊತ್ತು ಅಲೆಯುವವಳು ತಾಯಿ ಒಬ್ಬಳೇ.

ಆರು ತುಂಬಿದಾಗ ಶಾಲೆಗೆ ಸೇರಿಸಲು ಹೋದರೆ ಒಂದು ಶಾಲೆಯವರು, "ಮಿಕ್ಕ ಮಕ್ಕಳಿಗೆ ತೊಂದರೆಯಾಗುತ್ತೆ ಕಣಮ್ಮ" ಎಂದು ಹೇಳಿ ಕಳಿಸಿದರು. ಇನ್ನೊಂದರಲ್ಲಿ ಸೇರಿಸಿಕೊಂಡರು. ಆದರೆ ಮೂಲೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದರು. ವರ್ಷದ ಕೊನೆಗೆ ನಾದಿನಿ, "ಸಾಕಾಗಿದೆ ಅತ್ತಿಗೆ. ಮನೆಯಲ್ಲೇ ಇಟ್ಕೋತೀನಿ. ಇದ್ದಷ್ಟು ದಿನ ಇರಲಿ" ಅಂದಳು. ಆ ಕೊನೆಯ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು.

ಆ ಶನಿವಾರ

ನಮ್ಮ ಪುಣ್ಯಕ್ಕೆ ಆ ತಿಂಗಳು ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಒಬ್ಬ ಸಂಪನ್ಮೂಲ ಶಿಕ್ಷಕಿ ಮನೆಗೆ ಬಂದರು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿರುವ ಇವರನ್ನು ಬಿ.ಐ.ಇ.ಆರ್.ಟಿ. ಎನ್ನುತ್ತಾರೆ. ಅವರು ಎಲ್ಲಾ ಕೇಳಿಕೊಂಡು, "ಎಲ್ಲರನ್ನೂ ಒಂದು ಸಲ ಒಟ್ಟಿಗೆ ಕೂರಿಸೋಣ" ಎಂದರು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೆಡ್ ಮಿಸ್ಸು, ಕ್ಲಾಸ್ ಟೀಚರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ತಾಲ್ಲೂಕು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಬಿಸಿಯೂಟದ ಅಡುಗೆಯಾಕೆ ಎಲ್ಲಾ ಸೇರಿದರು. ನಾದಿನಿಗೆ ಜೊತೆಯಾಗಿ ನಾನೂ ಹೋದೆ. ನಂಬುತ್ತೀರೋ ಇಲ್ಲವೋ, ಒಂದು ಗಂಟೆಯಲ್ಲಿ ಎಷ್ಟು ಗಂಟು ಬಿಚ್ಚಿತು!

"ಹನ್ನೊಂದು ಗಂಟೆವರೆಗೂ ತೂಕಡಿಸ್ತಾಳೆ, ಬುದ್ಧಿ ಮಂದ ಅಂದ್ಕೊಂಡಿದ್ದೆ" ಎಂದರು ಟೀಚರು. ಅದು ಬೆಳಗಿನ ಮಾತ್ರೆಯ ಮಂಪರು! ಕಿವಿಯ ಯಂತ್ರ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಕಳೆದುಹೋದೀತೆಂದು ನಾದಿನಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಬೆನ್ನು ನೆಟ್ಟಗೆ ಕೂರಿಸಬೇಕೆಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೇಳಿದ್ದರು, ಶಾಲೆಯಲ್ಲಿ ಮಲಗಿಸುತ್ತಿದ್ದರು. ಯಾರದೂ ಕೆಟ್ಟ ಮನಸ್ಸಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೆ.

ಟೀಚರು ಬರೆದುಕೊಟ್ಟ ಚೀಟಿ ನೋಡಿ ವೈದ್ಯರು ಮಾತ್ರೆಯ ಹೊತ್ತು ಬದಲಾಯಿಸಿದರು. (ನಾವಾಗಿ ಮಾತ್ರೆ ನಿಲ್ಲಿಸುವುದಾಗಲಿ, ಹೊತ್ತು ಬದಲಿಸುವುದಾಗಲಿ ಕೂಡದು!) ಪುನರ್ವಸತಿ ಕಾರ್ಯಕರ್ತರು ಅಳತೆ ತಂದುಕೊಟ್ಟರು, ಬಡಗಿ ಕಾಲಿಗೆ ಪಟ್ಟಿ, ಎದೆಗೆ ಬೆಲ್ಟು ಇರುವ ಕುರ್ಚಿ ಮಾಡಿದ. ಅಡುಗೆಯಾಕೆ ಅನ್ನ ಸಾರನ್ನು ನುಣ್ಣಗೆ ಕಿವುಚಿ ಎತ್ತಿಡುತ್ತಾರೆ. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ನುಂಗಿದ ಮೇಲೇ ಮುಂದಿನ ತುತ್ತು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಭಯ.

ಇದನ್ನು ಮರೆಯಬೇಡಿ

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ನಮ್ಮಲ್ಲಿ ರೂಢಿ. ಯಾವುದೂ ಬೇಡಿ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆಯಿಡಿ, ಬಾಯಿಗೆ ಏನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಇದನ್ನು ಬರೆದು ತರಗತಿಯ ಗೋಡೆಗೇ ಅಂಟಿಸಿದ್ದಾರೆ.

ಯಾವ ಬಾಗಿಲಲ್ಲಿ ಏನಿದೆ?

* 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ತಪ್ಪಿಸಬೇಡಿ.

* 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶೇಕಡಾ 40 ಅಥವಾ ಹೆಚ್ಚು ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯವರದು.

* ತೀವ್ರ ತೊಂದರೆಯಿರುವ ಮಗು ಮನೆಯಲ್ಲೇ ಕಲಿಯಬಹುದೆಂದು ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಸೇರಿಸಿದ್ದಾರೆ. ಇದು ಗೃಹಾಧಾರಿತ ಶಿಕ್ಷಣ. ಆದರೆ ಅದು ಕೂಡ ನಮ್ಮ ಆಯ್ಕೆ. 'ಮನೆಯಲ್ಲೇ ಇಟ್ಟುಕೊಳ್ಳಿ' ಎಂದು ದಬ್ಬಲು ಶಾಲೆಗೆ ನೆಪವಲ್ಲ.

* ಯು.ಡಿ.ಐ.ಡಿ. ಗುರುತಿನ ಚೀಟಿ ಮೊದಲು ಮಾಡಿಸಿ. ಮಿಕ್ಕ ಅನೇಕ ಸೌಲಭ್ಯಕ್ಕೆ ಅದನ್ನೇ ಕೇಳುತ್ತಾರೆ.

* ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ 'ನಿರಾಮಯ' ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ.

ಇನ್ನೊಂದು ನನ್ನ ಸಲಹೆ. ಮಗುವಿಗೆ ಒಂದು ನೋಟ್ ಬುಕ್ ಇಡಿ. ಮಾತ್ರೆ, ಫಿಟ್ಸ್ ಬಂದ ದಿನ, ಉಂಡದ್ದು, ಹೊಸದಾಗಿ ಕಲಿತದ್ದು ಎಲ್ಲಾ ಅದರಲ್ಲಿ ಬರೆಯಿರಿ. ಟೀಚರೂ ಅದರಲ್ಲೇ ಬರೆಯಲಿ, ವೈದ್ಯರೂ ಅದನ್ನೇ ನೋಡಲಿ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟ?

ಪವಾಡವೇನೂ ಆಗಿಲ್ಲ ಸೋದರಿಯರೇ, ಸುಳ್ಳು ಹೇಳಲಾರೆ. ಪುಟ್ಟಿಗೆ ಈಗ ಒಂಬತ್ತು ವರ್ಷ. ನಡೆಯುವುದಿಲ್ಲ, ಬಹುಶಃ ನಡೆಯಲಾರಳು. ಫಿಟ್ಸ್ ಕಡಿಮೆಯಾಗಿದೆ, ನಿಂತಿಲ್ಲ. ಕ್ಲಾಸ್ ಟೀಚರಿಗೆ ವರ್ಗವಾದಾಗ ಹೊಸಬರಿಗೆ ಎಲ್ಲಾ ಮೊದಲಿಂದ ಹೇಳಬೇಕಾಯಿತು. ಆಗ ಕೈಹಿಡಿದದ್ದೂ ಆ ನೋಟ್ ಬುಕ್ಕೇ. ಆದರೆ ಹಾಜರಿ ಕೂಗುವಾಗ ಪುಟ್ಟಿ ಕುರ್ಚಿಯಲ್ಲಿ ಕೂತು ಎಡಗೈ ಎತ್ತುತ್ತಾಳೆ. ಎತ್ತಲು ತಡವಾದರೆ ಪಕ್ಕದ ಹುಡುಗಿಯರೇ, "ಮಿಸ್, ಇರಿ, ಎತ್ತುತ್ತಾಳೆ" ಎಂದು ಕಾಯಿಸುತ್ತಾರೆ. ನನ್ನನ್ನು ಕಂಡರೆ 'ತ್ತೆ' ಎನ್ನುತ್ತಾಳೆ.

ಕಳೆದ ಗೌರಿ ಹಬ್ಬಕ್ಕೆ ನಾದಿನಿಗೆ ಬಾಗಿನ ಕೊಡಲು ಕರೆಯುವಾಗ, "ಪುಟ್ಟೀನ ಕರ್ಕೊಂಡು ಬಾ, ಅವಳಿಲ್ಲದೆ ಬರಬೇಡ" ಎಂದೆ. ನಾದಿನಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಕುರ್ಚಿ ತರಬೇಕಲ್ಲ ಅತ್ತಿಗೆ" ಅಂದಳು. ನಮ್ಮ ಯಜಮಾನರು ಆಟೋ ತೆಗೆದುಕೊಂಡು ಹೋಗಿ ಕುರ್ಚಿ ಸಮೇತ ಕರೆತಂದರು.

ನಾಳೆ ನಿಮ್ಮ ಬೀದಿಯ ಆ ಅರ್ಧ ಹಾಕಿದ ಬಾಗಿಲನ್ನು ತಟ್ಟಿ. 'ಪಾಪ' ಅನ್ನಬೇಡಿ. "ಮುಂದಿನ ಸಲ ಆಸ್ಪತ್ರೆಗೋ ಶಾಲೆಗೋ ಹೋಗುವಾಗ ನಾನೂ ಜೊತೆಗೆ ಬರಲಾ?" ಎಂದು ಕೇಳಿ. ಹತ್ತು ಬಾಗಿಲು ಅಲೆಯುವವಳಿಗೆ ಜೊತೆ ಒಬ್ಬರಿದ್ದರೆ ದಾರಿ ಅರ್ಧವಾಗುತ್ತದೆ.