ಬೆನ್ನ ಮೇಲೆ ಗಾಳಿ, ಕೈಯಲ್ಲಿ ಈಟಿ: ಆಳಸಮುದ್ರದ ಮೀನುಬೇಟೆ ಮತ್ತು ನಮ್ಮ ದೇಹ



ವಿಂಡಮ್ ವೇಲ್‌ನ ಈ ಸಭಾಂಗಣದಿಂದ ವೆರಿಬೀ ಸೌತ್ ಕಡಲತೀರಕ್ಕೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಕಾಗದು. ನಮ್ಮಲ್ಲಿ ಕರಾವಳಿಯವರನ್ನು ಬಿಟ್ಟರೆ ಉಳಿದವರು ಕೆರೆಯ ಏರಿಯ ಮೇಲೆ ನಿಂತು ನೀರನ್ನು ಕಂಡವರು. ಸಮುದ್ರವೆಂಬುದು ನಮಗೆ ಪ್ರವಾಸದ ವಸ್ತು. ನಮ್ಮ ಮಕ್ಕಳ ಮಾತು ಬೇರೆ. ಅವರು ಶಾಲೆಯಲ್ಲಿಯೇ ಈಜು ಕಲಿಯುತ್ತಾರೆ, ರಜೆಯಲ್ಲಿ ಸ್ಕೂಬಾ ತರಬೇತಿ ಪಡೆಯುತ್ತಾರೆ, ಅನಂತರ ಈಟಿಕೋವಿ ಕೊಳ್ಳಲು ಅಪ್ಪನ ಬಳಿ ಹಣ ಕೇಳುತ್ತಾರೆ. ತಂದೆತಾಯಿಯರು ಆಗ ಶಾರ್ಕ್ ಮೀನಿನ ಹೆಸರು ಹೇಳಿ ಹೆದರುತ್ತಾರೆ. ವೈದ್ಯನಾದ ನಾನು ಹೆದರುವುದು ಮೀನಿಗಲ್ಲ, ಗಾಳಿಗೆ. ಮುಳುಗುಗಾರನು ಬೆನ್ನಿಗೆ ಕಟ್ಟಿಕೊಂಡ ಗಾಳಿ ಆಳದಲ್ಲಿ ಅವನ ದೇಹದೊಳಗೆ ಏನು ಮಾಡುತ್ತದೆ, ಅದರೊಡನೆ ಸ್ಪರ್ಧೆಯ ಹುರುಪು ಸೇರಿದಾಗ ಏನಾಗುತ್ತದೆ ಎಂಬುದೇ ಈ ಸಂಜೆಯ ವಿಷಯ.

ಸ್ಕೂಬಾ ತೊಟ್ಟು, ಅತ್ಯಂತ ಆಳಕ್ಕೆ ಇಳಿದು, ಪಂದ್ಯ ಕಟ್ಟಿ ಮೀನು ಹೊಡೆಯುವ ಪದ್ಧತಿಯ ತವರು ಅಮೆರಿಕದ ಲೂಸಿಯಾನ ರಾಜ್ಯದ ಕಡಲು. ಅಲ್ಲಿ 1947ರಲ್ಲಿ ದಡ ಕಾಣದಷ್ಟು ದೂರದಲ್ಲಿ ತೈಲಬಾವಿ ಕೊರೆದ ಮೇಲೆ ಮೆಕ್ಸಿಕೋ ಕೊಲ್ಲಿಯಲ್ಲಿ ಸಾವಿರಾರು ತೈಲಕಟ್ಟೆಗಳು ಎದ್ದವು. ಅವುಗಳ ಉಕ್ಕಿನ ಕಾಲುಗಳ ಮೇಲೆ ಚಿಪ್ಪುಜೀವಿಗಳೂ ಪಾಚಿಯೂ ಹತ್ತಿ, ಮೀನುಗಳು ನೆಲೆಸಿ, ಬರಿಯ ಕೆಸರಿನ ತಳದಲ್ಲಿ ಕೃತಕ ಹವಳದಿಬ್ಬಗಳೇ ಉಂಟಾದವು. ಆ ಸೀಮೆಯಲ್ಲಿ ಮೀನು ಹಿಡಿಯುವ ಪಂದ್ಯಕ್ಕೆ ‘ರೋಡಿಯೋ’ ಎಂದೇ ಹೆಸರು. ಗ್ರ್ಯಾಂಡ್ ಐಲ್ ಎಂಬ ದ್ವೀಪದ ಗಾಳದ ರೋಡಿಯೋ 1928ರಿಂದ ಬಂದದ್ದು. ಈಟಿಯವರ ರೋಡಿಯೋ ಆಮೇಲಿನದು. ಹಂಬರ್ಟೋ ಫಾಂಟೋವಾ ಎಂಬ ಲೇಖಕ 2001ರಲ್ಲಿ ಪ್ರಕಟಿಸಿದ ‘ದಿ ಹೆಲ್‌ಡೈವರ್ಸ್ ರೋಡಿಯೋ’ ಪುಸ್ತಕ ಆ ಲೋಕವನ್ನು ಉತ್ಸಾಹದಿಂದ ಬಣ್ಣಿಸುತ್ತದೆ. ನಾನು ಅದನ್ನು ರೋಗಚರಿತ್ರೆ ಓದುವ ಕಣ್ಣಿನಿಂದ ಓದಿದೆನೆಂದರೆ ಕ್ಷಮಿಸಬೇಕು.

ಮಿಸಿಸಿಪ್ಪಿ ನದಿಯ ಕದಡಿದ ನೀರು ಅಲ್ಲಿ ಮೇಲ್ಪದರವಾಗಿ ಹರಡಿರುತ್ತದೆ. ಅದನ್ನು ಸೀಳಿಕೊಂಡು ಇಳಿದರೆ ಕೆಳಗೆ ತಿಳಿನೀರು, ಉಕ್ಕಿನ ಕಂಬಗಳ ಕಾಡು, ಅದರೊಳಗೆ ಸ್ನ್ಯಾಪರ್, ಗ್ರೂಪರ್, ಆಂಬರ್‌ಜ್ಯಾಕ್ ಮೀನುಗಳು. ದೊಡ್ಡ ಮೀನು ಇರುವುದು ಆಳದಲ್ಲಿ. ಬಹುಮಾನ ಇರುವುದು ದೊಡ್ಡ ಮೀನಿಗೆ. ಆದ್ದರಿಂದ ವಿಹಾರಕ್ಕೆ ಮುಳುಗುವವರಿಗೆ ತರಬೇತಿ ಸಂಸ್ಥೆಗಳು ವಿಧಿಸಿರುವ 40 ಮೀಟರ್ ಮಿತಿಯನ್ನು ದಾಟಿ, 60 ಮೀಟರ್‌ವರೆಗೂ ಇಳಿಯುವವರಿದ್ದಾರೆ.

ಆ 60 ಮೀಟರ್ ಎಂದರೇನು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾವೀಗ ಕುಳಿತಿರುವಲ್ಲಿ ನಮ್ಮ ಮೇಲಿರುವುದು ಒಂದು ವಾಯುಭಾರ. ನೀರಿನಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ವಾಯುಭಾರ ಸೇರುತ್ತದೆ. 60 ಮೀಟರಿನಲ್ಲಿ ಒಟ್ಟು ಏಳು. ಮುಳುಗುಗಾರನ ಕವಾಟ ಅವನಿಗೆ ಸುತ್ತಲಿನ ಒತ್ತಡದಲ್ಲಿಯೇ ಗಾಳಿ ಕೊಡುವುದರಿಂದ ಅವನ ಒಂದೊಂದು ಉಸಿರಿಗೂ ಏಳು ಉಸಿರಿನಷ್ಟು ಗಾಳಿ ವೆಚ್ಚವಾಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಭಾರದ ಒತ್ತಡದಲ್ಲಿ ತುಂಬಿದ ಗಾಳಿ ಸುಮಾರು 2400 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆ ಬರುತ್ತದೆ. ಅದೇ ಮನುಷ್ಯನಿಗೆ 60 ಮೀಟರಿನಲ್ಲಿ ಹದಿನೇಳು ನಿಮಿಷ. ಈಟಿ ತಗುಲಿದ ಆಂಬರ್‌ಜ್ಯಾಕ್ ಹಗ್ಗವನ್ನೆಳೆದುಕೊಂಡು ಇನ್ನೂ ಆಳಕ್ಕೆ ಧಾವಿಸುತ್ತಿರುವಾಗ ಅವನ ಉಸಿರು ಇಮ್ಮಡಿಯಾಯಿತೆನ್ನಿ, ಎಂಟೇ ನಿಮಿಷ. ಇದು ಇಳಿಯುವ, ಏರುವ ವೇಳೆಯನ್ನು ಬಿಟ್ಟು ಮಾಡಿದ ಲೆಕ್ಕ.

ಗಾಳಿ ಮುಗಿಯುವುದು ಕಣ್ಣಿಗೆ ಕಾಣುವ ಅಪಾಯ, ಅಳೆಯಲು ಮಾಪಕವಿದೆ. ಕಾಣದ ಅಪಾಯ ಸಾರಜನಕ. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲು ಅದೇ. ಇಲ್ಲಿ ಅದು ನಿರುಪದ್ರವಿ. ಸುಮಾರು 30 ಮೀಟರಿನಿಂದ ಕೆಳಕ್ಕೆ ಅದು ಮಿದುಳಿನ ಮೇಲೆ ಮದ್ಯದಂತೆ ವರ್ತಿಸತೊಡಗುತ್ತದೆ, 60ರಲ್ಲಿ ಯಾರನ್ನೂ ಬಿಡುವುದಿಲ್ಲ. ಶ್ರಮದಿಂದ ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿದಷ್ಟೂ ಈ ಅಮಲು ಏರುತ್ತದೆ. ಕುಡಿದವನು ತಾನು ಸರಿಯಾಗಿಯೇ ಇದ್ದೇನೆಂದು ವಾದಿಸುವಂತೆ ಇವನೂ ತನ್ನ ವಿವೇಕ ಕುಂದಿದ್ದನ್ನು ಅರಿಯಲಾರ. ಆ ಸ್ಥಿತಿಯಲ್ಲಿ, ಕೈಯಲ್ಲೊಂದು ಆಯುಧ, ಮುಂದೊಂದು ಬಹುಮಾನದ ಮೀನು, ಮಣಿಕಟ್ಟಿನಲ್ಲೊಂದು ಗಡಿಯಾರ! ‘ಈ ಮೀನನ್ನು ಬಿಟ್ಟು ಈಗಲೇ ಮೇಲೇರು’ ಎಂದು ನಿರ್ಧರಿಸಬೇಕಾದದ್ದು ಇಂಥ ಮಿದುಳು.

ಬೆಂಡ್ಸ್ ಎಂದು ಹೆಸರಾದ ಒತ್ತಡವಿಳಿತದ ಕಾಯಿಲೆಯ ಕಾರಣವೂ ಸಾರಜನಕವೇ. ನಮ್ಮೂರ ಸಂತೆಯ ಗೋಲಿಸೋಡವನ್ನು ನೆನಪಿಸಿಕೊಳ್ಳಿ. ಗೋಲಿ ಬಿಗಿಯಾಗಿ ಕುಳಿತಿರುವಷ್ಟು ಹೊತ್ತು ಸೋಡ ಶಾಂತವಾಗಿರುತ್ತದೆ. ಒತ್ತಡದಿಂದ ಕರಗಿದ ಅನಿಲ ಕಾಣುವುದಿಲ್ಲ. ಗೋಲಿಯನ್ನು ಒತ್ತಿದೊಡನೆ ನೊರೆ ಉಕ್ಕುತ್ತದೆ. ಆಳದಲ್ಲಿ ಸಾರಜನಕ ರಕ್ತದಲ್ಲಿ, ಮಿದುಳಿನಲ್ಲಿ ಬೇಗನೆ, ಕೊಬ್ಬಿನಲ್ಲಿ ಕೀಲುಗಳಲ್ಲಿ ನಿಧಾನವಾಗಿ ಕರಗುತ್ತದೆ. ಮೆಲ್ಲನೆ ಮೇಲೇರಿದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಅವಸರದಲ್ಲಿ ಏರಿದರೆ ಅಂಗಾಂಗಗಳಲ್ಲಿ ಗುಳ್ಳೆಗಳೇಳುತ್ತವೆ. ಕೀಲಿನಲ್ಲಿ ಎದ್ದರೆ ನೋವು. ಬೆನ್ನುಹುರಿಯಲ್ಲಿ ಎದ್ದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪಬಹುದು, ಮೂತ್ರ ಕಟ್ಟಬಹುದು. ಅಮೆರಿಕದ ನೌಕಾಪಡೆಯ ಕೋಷ್ಟಕದಂತೆ ನಡುವೆ ತಂಗದೆ ಮೇಲೇರಬಹುದಾದ ಅವಧಿ 18 ಮೀಟರಿನಲ್ಲಿ ಸುಮಾರು ಒಂದು ಗಂಟೆ, 30 ಮೀಟರಿನಲ್ಲಿ ಸುಮಾರು 25 ನಿಮಿಷ. 60ರ ಆಸುಪಾಸಿನಲ್ಲಿ ಐದು ನಿಮಿಷವಷ್ಟೇ. ಬೇಟೆಗಾರನು ಮೀನನ್ನು ದೋಣಿಗೆ ಮುಟ್ಟಿಸಿ ಮತ್ತೆ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಬಾವಿಯ ಕೊಡದಂತೆ ಹೀಗೆ ಏರಿಳಿಯುವುದು ಕೋಷ್ಟಕ ಬರೆದವರು ಬಯಸಿದ ಕ್ರಮವಲ್ಲ.

ಈ ಕಾಯಿಲೆಯ ಕಾರಣ ಗುಳ್ಳೆಯೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ತೋರಿಸಿದರು. ಹಂತಹಂತವಾಗಿ ತಂಗುತ್ತ ಏರಬೇಕೆಂಬ ನಿಯಮವನ್ನು ಇಂಗ್ಲೆಂಡಿನ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಪ್ರಕಟಿಸಿದರು. ಆದರೂ ಈ ದೇಶದ ಪಶ್ಚಿಮ ತೀರದ ಬ್ರೂಮ್ ಪಟ್ಟಣದಲ್ಲಿ ಮುತ್ತಿನಚಿಪ್ಪು ತೆಗೆಯುತ್ತಿದ್ದವರು ವರ್ಷವರ್ಷವೂ ಸಾಯುತ್ತಲೇ ಇದ್ದರು. ಬಹುಪಾಲು ಜಪಾನೀಯರು. ಅಲ್ಲಿಯ ಜಪಾನೀ ಸ್ಮಶಾನದಲ್ಲಿ 900ಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ಚಂಡಮಾರುತದಲ್ಲಿ ಮುಳುಗಿದವರೊಡನೆ ಬೆಂಡ್ಸ್‌ಗೆ ಬಲಿಯಾದವರೂ ಅಲ್ಲಿ ಮಲಗಿದ್ದಾರೆ. ಏಷ್ಯದವರ ಬದಲು ಬಿಳಿಯರೇ ಮುಳುಗಲೆಂದು 1912ರಲ್ಲಿ ಇಂಗ್ಲೆಂಡಿನಿಂದ ನುರಿತ ಮುಳುಗುಗಾರರನ್ನು ಕರೆಸಲಾಯಿತು. ಅವರಲ್ಲೊಬ್ಬ ಅದೇ ವರ್ಷ ಅದೇ ಕಾಯಿಲೆಯಿಂದ ತೀರಿಕೊಂಡ. ಸಾರಜನಕಕ್ಕೆ ವರ್ಣಭೇದ ತಿಳಿಯದು.

ಇನ್ನೊಂದು ಅಪಾಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 30 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಆರು ಲೀಟರ್ ಗಾಳಿಯನ್ನು ಎದೆತುಂಬ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಇಪ್ಪತ್ತನಾಲ್ಕು ಲೀಟರ್ ಆಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ನುಗ್ಗಿ ಮಿದುಳಿಗೆ ಸೇರುತ್ತದೆ. ಇದಕ್ಕೆ ಹೆಚ್ಚು ಆಳವೂ ಬೇಕಿಲ್ಲ; ಒಂದೂವರೆ ಮೀಟರ್ ಸಾಕು. ನಮ್ಮ ರನ್ನನ ‘ಗದಾಯುದ್ಧ’ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಮಂತ್ರಬಲದಿಂದ. ಸಿಲಿಂಡರಿನ ಬಲದಿಂದ ಅಡಗಿದ್ದರೆ, ಭೀಮನ ಮೂದಲಿಕೆಗೆ ರೋಷಗೊಂಡು ಹಲ್ಲುಕಚ್ಚಿ ಮೇಲೆ ಚಿಮ್ಮಿದ ಕ್ಷಣದಲ್ಲಿಯೇ ಕಥೆ ಮುಗಿಯುತ್ತಿತ್ತು. ಗದೆಯ ಅಗತ್ಯ ಬೀಳುತ್ತಿರಲಿಲ್ಲ.

ಆಸ್ಟ್ರೇಲಿಯದ ಈಟಿ ಪಂದ್ಯಗಳು ಈ ಹಾದಿ ಹಿಡಿಯಲಿಲ್ಲ. ಸಿಡ್ನಿಯಲ್ಲಿ 1948ರಲ್ಲಿ ಈಟಿ ಬೇಟೆಗಾರರ ಸಂಘ ಹುಟ್ಟಿದಂದಿನಿಂದ ಬೆಳೆದ ಸಂಪ್ರದಾಯ ಉಸಿರು ಕಟ್ಟಿ ಮುಳುಗುವುದು. ಜಾಗತಿಕ ಪಂದ್ಯಗಳ ನಿಯಮವೂ ಅದೇ. 1965ರಲ್ಲಿ ಟಹೀಟಿಯಲ್ಲಿ ವಿಶ್ವಚಾಂಪಿಯನ್ ಆದ ರಾನ್ ಟೇಲರ್ ಸಿಡ್ನಿಯವರು. ಉಸಿರು ಕಟ್ಟಿ ಇಳಿದವನ ಎದೆಯ ಗಾಳಿ ಕೆಳಗೆ ಕುಗ್ಗಿ ಮೇಲೆ ಮೊದಲಿನಷ್ಟೇ ಆಗುವುದರಿಂದ ಶ್ವಾಸಕೋಶ ಸಿಡಿಯುವ ಭಯವಿಲ್ಲ. ಆಳದ ಅವಧಿ ಒಂದೆರಡು ನಿಮಿಷವಾದ್ದರಿಂದ ಸಾರಜನಕದ ಹೊರೆಯೂ ಕಡಿಮೆ. ದೇಹವೇ ಮಿತಿಯನ್ನು ಹೇಳುತ್ತದೆ. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ಸ್ಕೂಬಾ ತೊಟ್ಟು ಮೀನಿಗೆ ಈಟಿ ಹೊಡೆಯುವುದು ಕಾನೂನಿನಿಂದಲೇ ನಿಷಿದ್ಧ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾದ್ದರಿಂದ ಹೊರಡುವ ಮುನ್ನ ಇಲಾಖೆಯ ಕೈಪಿಡಿ ನೋಡಿ. ನಮ್ಮ ಮಗ್ಗುಲಿನ ಪಾಯಿಂಟ್ ಕುಕ್ ಕಡಲ ಅಭಯಧಾಮದಲ್ಲಿ 2002ರಿಂದ ಯಾವ ಬಗೆಯ ಮೀನುಗಾರಿಕೆಯೂ ಸಲ್ಲದು.

ಶಾರ್ಕಿನ ಮಾತಿಲ್ಲದೆ ನೀವು ನನ್ನನ್ನು ಬಿಡುವುದಿಲ್ಲವೆಂದು ಬಲ್ಲೆ. 1963ರ ಡಿಸೆಂಬರ್ 8ರಂದು ಅಡಿಲೇಡ್ ಬಳಿಯ ಆಲ್ಡಿಂಗಾ ತೀರದಲ್ಲಿ ದಕ್ಷಿಣ ಆಸ್ಟ್ರೇಲಿಯದ ಚಾಂಪಿಯನ್‌ಶಿಪ್ ನಡೆದಿದ್ದಾಗ ರಾಡ್ನಿ ಫಾಕ್ಸ್ ಎಂಬ ತರುಣನನ್ನು ಬಿಳಿ ಶಾರ್ಕ್ ಎದೆಯ ಬಳಿ ಕಚ್ಚಿತು. ಬಿಟ್ಟ ಮೇಲೆ, ಹೊಡೆದ ಮೀನುಗಳನ್ನು ಕಟ್ಟಿದ್ದ ತೇಲುಬುರುಡೆಯನ್ನು ಬಾಯಿಗೆ ಹಾಕಿಕೊಂಡು ಅವನನ್ನೂ ಕೆಳಕ್ಕೆಳೆಯಿತು. ಹಗ್ಗ ಹರಿದದ್ದರಿಂದ ಅವನು ಬದುಕಿದ. ಪಕ್ಕೆಲುಬುಗಳು ಮುರಿದು ಶ್ವಾಸಕೋಶಕ್ಕೆ ಗಾಯವಾಗಿತ್ತು. ಬಿಗಿಯಾದ ಈಜುಡುಪು ಬ್ಯಾಂಡೇಜಿನಂತೆ ಎಲ್ಲವನ್ನೂ ಹಿಡಿದಿಟ್ಟಿತ್ತು. ಶಸ್ತ್ರವೈದ್ಯರು 462 ಹೊಲಿಗೆ ಹಾಕಿದರು. ರಕ್ತ ಸೋರುವ ಮೀನನ್ನು ಮೈಗೆ ಕಟ್ಟಿಕೊಂಡು ಈಜಬಾರದು ಎಂಬುದು ಇಲ್ಲಿಯ ಪಾಠ. ಅದು ಪಾಲಿಸಲು ಸುಲಭ.

ಉಸಿರು ಕಟ್ಟುವ ಬೇಟೆಯಲ್ಲಿ ಪಾಲಿಸಲು ಕಷ್ಟವಾದ ನಿಯಮ ಬೇರೊಂದಿದೆ. ನಮಗೆ ಉಸಿರಾಡಬೇಕೆನಿಸುವುದು ಆಮ್ಲಜನಕ ಇಳಿದಾಗ ಅಲ್ಲ, ಇಂಗಾಲಾಮ್ಲ ಏರಿದಾಗ. ಇಳಿಯುವ ಮುನ್ನ ಏದುಸಿರೆಳೆದು ಇಂಗಾಲಾಮ್ಲವನ್ನು ತೊಳೆದು ಹಾಕಿದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿದಂತೆ. ಆಳದಲ್ಲಿ ಒತ್ತಡವಿರುವುದರಿಂದ ಅಳಿದುಳಿದ ಆಮ್ಲಜನಕವೂ ಮಿದುಳಿಗೆ ಸಾಕಾಗುತ್ತದೆ. ಏರುತ್ತ ಏರುತ್ತ ಒತ್ತಡ ಇಳಿದು ಕೊನೆಯ ಕೆಲವು ಮೀಟರಿನಲ್ಲಿ ದೀಪ ಆರಿದಂತೆ ಪ್ರಜ್ಞೆ ತಪ್ಪುತ್ತದೆ. ಕೂಗಿಲ್ಲ, ಒದ್ದಾಟವಿಲ್ಲ. ಆರೋಗ್ಯವಂತರಾದ, ಚೆನ್ನಾಗಿ ಈಜಬಲ್ಲ ತರುಣರೇ ಹೀಗೆ ಹೋಗುತ್ತಾರೆ. ಆದ್ದರಿಂದ ಏದುಸಿರು ಬೇಡ; ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿದ್ದು ಅವನನ್ನೇ ನೋಡುತ್ತಿರಬೇಕು, ಅವನು ಮೇಲೆ ಬಂದ ಮೇಲೂ ಅರ್ಧ ನಿಮಿಷ. ಪಂದ್ಯದ ದಿನ ಇಬ್ಬರೂ ಅಂಕ ಗಳಿಸಬೇಕಾಗಿರುವಾಗ ಮೊದಲು ಮುರಿಯುವುದು ಇದೇ ನಿಯಮ.

ಮೀನಿನ ಕಡೆಯಿಂದಲೂ ಒಂದು ಮಾತಿದೆ. ನ್ಯೂ ಸೌತ್ ವೇಲ್ಸ್‌ನ ರಾಜ್ಯಮತ್ಸ್ಯವಾದ ನೀಲಿ ಗ್ರೋಪರ್ ಹುಟ್ಟುವುದು ಹೆಣ್ಣಾಗಿ. ದೊಡ್ಡದಾಗಿ ಬೆಳೆದ ಕೆಲವು ಮಾತ್ರ ಗಂಡಾಗಿ ನೀಲಿಬಣ್ಣ ತಳೆಯುತ್ತವೆ. ಗ್ರೂಪರ್ ಜಾತಿಯ ಹಲವು ಮೀನುಗಳದೂ ಇದೇ ಕ್ರಮ. ಅತಿ ದೊಡ್ಡದಕ್ಕೆ ಬಹುಮಾನವೆಂದರೆ ಗಂಡುಗಳನ್ನೇ ಆರಿಸಿ ಕೊಂದಂತೆ. ಉಸಿರು ಕಟ್ಟಿದವನ ಕೈಗೆ ಸಿಗದ ಆಳ ಅವುಗಳ ಆಶ್ರಯ. ಸಿಲಿಂಡರು ಆ ಆಶ್ರಯದ ಬಾಗಿಲನ್ನೂ ತೆರೆಯುತ್ತದೆ. ಐವತ್ತು, ಅರವತ್ತರ ದಶಕಗಳಲ್ಲಿ ಬೇಟೆಯಿಂದ ತೀರ ಕ್ಷೀಣಿಸಿದ ಗ್ರೇ ನರ್ಸ್ ಶಾರ್ಕಿಗೆ ನ್ಯೂ ಸೌತ್ ವೇಲ್ಸ್ 1984ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿತು. ವಿಶ್ವಚಾಂಪಿಯನ್ ಟೇಲರ್ ದಂಪತಿಗಳು ಈಟಿ ಬಿಟ್ಟು ಕ್ಯಾಮೆರಾ ಹಿಡಿದು, ಅಂಥ ರಕ್ಷಣೆಗಾಗಿಯೇ ದುಡಿದರು.

ಇನ್ನು ನಮ್ಮವರಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ. ಈಟಿ ಮುಟ್ಟದಿದ್ದರೂ ಅನೇಕ ಕುಟುಂಬಗಳು ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿಯೋ, ಊರಿಗೆ ಹೋದಾಗ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿಯೋ ಸ್ಕೂಬಾ ಮಾಡುತ್ತವೆ. ವಿಮಾನದೊಳಗಿನ ಒತ್ತಡ ಸಮುದ್ರಮಟ್ಟದ ಒತ್ತಡಕ್ಕಿಂತ ಕಡಿಮೆ. ಮೈಯಲ್ಲಿ ಉಳಿದ ಸಾರಜನಕಕ್ಕೆ ಗೋಲಿ ಒತ್ತಿದಂತೆಯೇ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ 18 ಗಂಟೆ, ನಡುವೆ ತಂಗಿ ಏರಬೇಕಾದಷ್ಟು ಆಳಕ್ಕೆ ಹೋಗಿದ್ದರೆ ಅದಕ್ಕೂ ಬಹಳ ಹೆಚ್ಚು ಕಾಲ ವಿಮಾನ ಹತ್ತಬಾರದು. ನೇತ್ರಾಣಿಯಿಂದ ಬಂದವರು ಅದೇ ಸಂಜೆ ಘಟ್ಟ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಹೊರಡುತ್ತಾರೆ; ಘಟ್ಟವೂ ಒಂದು ಬಗೆಯ ವಿಮಾನವೇ. ಆ ರಾತ್ರಿ ಕರಾವಳಿಯಲ್ಲಿಯೇ ಉಳಿದು ಮೀನೂಟವನ್ನೋ ನೀರುದೋಸೆಯನ್ನೋ ಸವಿದು ಮರುದಿನ ಹೊರಡಿರಿ.

ಮುಳುಗಿ ಬಂದ ಒಂದು ದಿನದೊಳಗೆ ಕೀಲುನೋವು, ಜೋಮು, ತಲೆಸುತ್ತು, ಕಾಲಿನಲ್ಲಿ ಬಲಹೀನತೆ, ಮೂತ್ರ ಕಟ್ಟುವುದು, ವಿಪರೀತ ಆಯಾಸ, ಇವುಗಳಲ್ಲಿ ಏನೇ ಕಂಡರೂ ‘ಚಳಿಗೆ ಹಿಡಿದುಕೊಂಡಿದೆ’ ಎಂದು ಅಮೃತಾಂಜನ ಹಚ್ಚಿ ಮಲಗಿಸಬೇಡಿ. ಅಂಗಾತ ಮಲಗಿಸಿ, ಆಮ್ಲಜನಕವಿದ್ದರೆ ಕೊಡಿಸಿ, ಮೂರು ಸೊನ್ನೆ ಒತ್ತಿ, ಮುಳುಗಿದ್ದ ಸಂಗತಿಯನ್ನು ಮೊದಲ ವಾಕ್ಯದಲ್ಲಿಯೇ ಹೇಳಿ. ಗುಳ್ಳೆಗಳನ್ನು ಮತ್ತೆ ಕುಗ್ಗಿಸಿ ಆಮ್ಲಜನಕ ಉಣಿಸುವ ಒತ್ತಡಕೋಣೆ ಮೆಲ್ಬರ್ನಿನ ಆಲ್ಫ್ರೆಡ್ ಆಸ್ಪತ್ರೆಯಲ್ಲಿದೆ, ಸಿಡ್ನಿಯವರಿಗೆ ರ್‍ಯಾಂಡ್ವಿಕ್‌ನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯಲ್ಲಿದೆ. ಚಿಕಿತ್ಸೆಗಾಗಿ ಮತ್ತೆ ಸಮುದ್ರಕ್ಕೆ ಇಳಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ.