ಗುಟ್ಟು ಎರಡನೆಯ ಅಂಕಿಯಲ್ಲಿದೆ

ಎಕ್ಸ್‌ಕವೇಟರ್‌ನ ಮಾನಿಟರ್ ಮೇಲೆ ಮೂರು ಸೆನ್ಸರ್‌ಗಳ ಫಾಲ್ಟ್ ಕೋಡ್ ಒಟ್ಟಿಗೇ ಬಂದರೆ ಯಂತ್ರದ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ನುರಿತ ಮೆಕ್ಯಾನಿಕ್‌ಗೆ ಮಾತ್ರ ಅದರಿಂದ ಸ್ವಲ್ಪ ಸಮಾಧಾನವೇ ಆಗುತ್ತದೆ. ಮೂರು ಸೆನ್ಸರ್‌ಗಳು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಆದರೆ ಮೂರಕ್ಕೂ ಒಂದೇ ಕಡೆಯಿಂದ 5 ವೋಲ್ಟ್ ಹೋಗುತ್ತಿರುತ್ತದೆ. ಎಂಜಿನ್ನಿನ ಬಿಸಿ, ಅಲುಗಾಟಕ್ಕೆ ಎಲ್ಲೋ ಒಂದು ವೈರಿನ ಹೊದಿಕೆ ಸವೆದು ಕಬ್ಬಿಣಕ್ಕೆ ತಾಗಿತೆಂದರೆ ಆ 5 ವೋಲ್ಟ್ ಕುಸಿಯುತ್ತದೆ, ಆ ಸಾಲಿನ ಸೆನ್ಸರ್‌ಗಳೆಲ್ಲ ಒಮ್ಮೆಗೇ ತಪ್ಪು ಲೆಕ್ಕ ಕೊಡುತ್ತವೆ. ಕೊಮಾಟ್ಸು ಪಿಸಿ200-8 ಯಂತ್ರದಲ್ಲಿ ಇದಕ್ಕೆಂದೇ ಸಿಎ352 ಎಂಬ ಕೋಡ್ ಇದೆ. ಅದನ್ನು ಗಮನಿಸದೆ ಮೂರೂ ಸೆನ್ಸರ್ ಬದಲಿಸಿದರೆ ದುಡ್ಡು ಹೋಗುತ್ತದೆ, ಕೋಡ್ ಉಳಿಯುತ್ತದೆ. ಬಲ್ಲವರು ಸೆನ್ಸರನ್ನು ವೈರಿಗೆ ಜೋಡಿಸುವ ಕಪ್ಲರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಮೀಟರ್ ನೋಡುತ್ತಾರೆ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೋ ದೋಷ ಆ ಸೆನ್ಸರಿನಲ್ಲಿದೆ. ಎಲ್ಲವನ್ನೂ ಕಳಚಿದರೂ ಬಾರದಿದ್ದರೆ ವೈರಿಂಗ್ ಹುಡುಕಬೇಕು.

ನಮ್ಮ ಊರುಗಳಲ್ಲಿ ಯಾವ ಕಂಪನಿಯದಾದರೂ ಹಿಟಾಚಿ ಎಂದೇ ಕರೆಸಿಕೊಳ್ಳುವ ಈ ಯಂತ್ರಕ್ಕೂ ಕರ್ನಾಟಕಕ್ಕೂ ನಂಟು ಗಟ್ಟಿಯಾದದ್ದು. ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆಜಿಎಫ್‌ನಲ್ಲಿ ಬೆಮೆಲ್, ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೊ ಇವನ್ನು ತಯಾರಿಸುತ್ತವೆ. ಸಂಡೂರಿನ ಅದಿರಿನ ಗಣಿಯಿಂದ ಇಳಕಲ್ಲಿನ ಗ್ರಾನೈಟ್ ಕ್ವಾರಿಯವರೆಗೆ ಇವಿಲ್ಲದೆ ಕೆಲಸ ನಡೆಯದು. ಹಳೆಯ ಎಂಜಿನ್‌ಗಳಲ್ಲಿ ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕವಾಗಿತ್ತು. ಹೊಗೆಯ ಬಣ್ಣ ನೋಡಿ, ಸದ್ದಿಗೆ ಕಿವಿಗೊಟ್ಟು ರೋಗ ಹೇಳುವ ಮೇಸ್ತ್ರಿಗಳಿದ್ದರು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಉಣಿಸುವ ಕಾಮನ್ ರೇಲ್ ಬಂದ ಮೇಲೆ ಡೀಸೆಲ್ ಯಾವಾಗ, ಎಷ್ಟು ಹೋಗಬೇಕೆಂಬುದನ್ನು ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ ತೀರ್ಮಾನಿಸುತ್ತದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾದಾಗ ಸೆನ್ಸರ್‌ಗಳ ಸಂಖ್ಯೆ ಇನ್ನೂ ಹೆಚ್ಚಿತು.

ಇಸಿಎಂ, ಮಾನಿಟರ್, ಹೈಡ್ರಾಲಿಕ್ ಕಂಟ್ರೋಲರ್ ಇವೆಲ್ಲ ಮಾತಾಡಿಕೊಳ್ಳುವುದು ಹೆಣೆದ ಎರಡು ವೈರುಗಳ ಮೇಲೆ. ಕ್ಯಾನ್ ಎಂಬ ಈ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟಿತು. ಭಾರಿ ವಾಹನಗಳಿಗಾಗಿ ಅದರ ಮೇಲೆ ಕಟ್ಟಿದ ನಿಯಮಾವಳಿಯೇ ಜೆ1939. ಈ ಪದ್ಧತಿಯಲ್ಲಿ ಪ್ರತಿ ದೋಷಕ್ಕೂ ಎರಡು ಅಂಕಿಗಳಿರುತ್ತವೆ. ಎಸ್‌ಪಿಎನ್ ಎಂಬ ಮೊದಲನೆಯದು ವಿಳಾಸ: 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್, 110 ಎಂದರೆ ಕೂಲೆಂಟ್ ಬಿಸಿ, 157 ಎಂದರೆ ರೇಲ್‌ನಲ್ಲಿರುವ ಡೀಸೆಲ್ ಒತ್ತಡ. ಎಫ್‌ಎಂಐ ಎಂಬ ಎರಡನೆಯದು ಆ ವಿಳಾಸದಲ್ಲಿ ಏನಾಗಿದೆ ಎಂದು ಹೇಳುತ್ತದೆ. ಅವಸರದಲ್ಲಿರುವವರು ಮೊದಲ ಅಂಕಿ ಓದಿ ಅಂಗಡಿಗೆ ಓಡುತ್ತಾರೆ. ಈ ಕಸುಬಿನ ಗುಟ್ಟಿರುವುದೆಲ್ಲ ಎರಡನೆಯದರಲ್ಲಿ.

157ರ ಜೊತೆ 3 ಬಂದರೆ ಸೆನ್ಸರಿನ ವೋಲ್ಟೇಜ್ ಮಿತಿ ಮೀರಿ ಏರಿದೆ, 4 ಬಂದರೆ ಮಿತಿಗಿಂತ ಇಳಿದಿದೆ. ಎರಡೂ ಕರೆಂಟಿನ ದೋಷ. ವೈರ್, ಕಪ್ಲರ್, ಸೆನ್ಸರ್ ನೋಡಬೇಕು. ಅದೇ 157ರ ಜೊತೆ 1 ಅಥವಾ 18 ಬಂತೆನ್ನಿ, ಆಗ ಸೆನ್ಸರ್ ನಿಜವನ್ನೇ ಹೇಳುತ್ತಿದೆ, ಒತ್ತಡ ಸಾಕಷ್ಟು ಏರುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ಗಾಳಿ ಎಳೆಯುತ್ತಿರಬಹುದು, ಇಂಜೆಕ್ಟರ್ ಸವೆದು ರಿಟರ್ನ್‌ನಲ್ಲಿ ಡೀಸೆಲ್ ಹೆಚ್ಚು ಹೋಗುತ್ತಿರಬಹುದು. ಕಮ್ಮಿನ್ಸ್ ಜೊತೆಗೂಡಿ ರೂಪಿಸಿದ ಪಿಸಿ200-8ರ 6.7 ಲೀಟರ್ ಎಂಜಿನ್‌ನಲ್ಲಿ ಇದೇ ವ್ಯತ್ಯಾಸ ಸಿಎ451, ಸಿಎ452 ಒಂದು ಕಡೆ, ಸಿಎ559 ಇನ್ನೊಂದು ಕಡೆ ಎಂದು ಕಾಣಿಸಿಕೊಳ್ಳುತ್ತದೆ. ಸಿಎ559ಕ್ಕೆ ಹೊಸ ಸೆನ್ಸರ್ ಹಾಕುವುದು ಜ್ವರ ಬಂದವರಿಗೆ ಥರ್ಮಾಮೀಟರ್ ಬದಲಿಸಿದಂತೆ.

ಕಂಪನಿಯವರು ಲ್ಯಾಪ್‌ಟಾಪ್ ತರುವ ಮೊದಲೇ ಮಾಡಬಹುದಾದ ಪರೀಕ್ಷೆಗಳು ಈ ವಿದ್ಯೆಯ ಸೊಗಸಾದ ಭಾಗ. ರಾತ್ರಿಯಿಡೀ ನಿಂತ ಯಂತ್ರಕ್ಕೆ ಬೆಳಗ್ಗೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಮಾನಿಟರ್ ನೋಡಿದರೆ ಕೂಲೆಂಟ್ ಬಿಸಿಯೂ ಒಳಹೋಗುವ ಗಾಳಿಯ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 24 ಡಿಗ್ರಿ, ಇನ್ನೊಂದು 60 ಎಂದರೆ ಸುಳ್ಳು ಯಾರದೆಂದು ಕೇಳಬೇಕಿಲ್ಲ. ಆಯಿಲ್ ಪ್ರೆಶರ್ ಸೊನ್ನೆ ತೋರಿಸಬೇಕು. ಎಂಜಿನ್‌ಗೆ ಒಳಹೋಗುವ ಗಾಳಿಯ ಒತ್ತಡ ನೋಡುವ ಬೂಸ್ಟ್ ಸೆನ್ಸರ್ ನಿರಪೇಕ್ಷ ಒತ್ತಡ ಅಳೆಯುವಂಥದ್ದಾದರೆ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಹತ್ತಿರ, ಬೆಂಗಳೂರಿನ ಎತ್ತರದಲ್ಲಿ 91ರ ಆಸುಪಾಸು.

ಎರಡು ವೈರಿನ ಟೆಂಪರೇಚರ್ ಸೆನ್ಸರಿನ ರೆಸಿಸ್ಟೆನ್ಸ್ ಬಿಸಿ ಏರಿದಂತೆ ಇಳಿಯುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ಬಗೆಯದು 20 ಡಿಗ್ರಿಯಲ್ಲಿ 2,500 ಓಮ್ ತೋರಿಸಿದರೆ 80 ಡಿಗ್ರಿಯಲ್ಲಿ ಸುಮಾರು 320. ಕಪ್ಲರ್ ಕಳಚಿದಾಗ ಮಾನಿಟರ್ ಕಡುಚಳಿ ತೋರಿಸಿ, ಕಪ್ಲರಿನ ಎರಡು ಪಿನ್‌ಗಳನ್ನು ವೈರಿನಿಂದ ಕೂಡಿಸಿದಾಗ ವಿಪರೀತ ಬಿಸಿ ತೋರಿಸಿದರೆ ವೈರಿಂಗ್, ಇಸಿಎಂ ಎರಡೂ ಸರಿ. ಅನುಮಾನ ಸೆನ್ಸರಿನ ಮೇಲೆ. ಮೂರು ವೈರಿನ ಪ್ರೆಶರ್ ಸೆನ್ಸರ್‌ಗೆ ಮಾತ್ರ ಪಿನ್‌ಗಳನ್ನು ಹೀಗೆ ಕೂಡಿಸಬಾರದು. ಕ್ಯಾನ್ ಲೈನಿನ ಪರೀಕ್ಷೆ ಇನ್ನೂ ಸರಳ. ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರುವುದರಿಂದ ಬ್ಯಾಟರಿ ಬಿಚ್ಚಿ ಅಳೆದಾಗ 60 ಸಿಗಬೇಕು. 120 ಸಿಕ್ಕರೆ ಒಂದು ತುದಿ ತಪ್ಪಿಹೋಗಿದೆ.

ಹುಡುಕಿದ ಮೇಲೆ ಸಿಗುವ ಕಾರಣಗಳು ಎಷ್ಟೋ ಸಲ ತೀರಾ ಚಿಕ್ಕವು: ಇಲಿ ಕಡಿದ ವೈರ್, ವಾಟರ್ ಸರ್ವಿಸ್ ಮಾಡುವಾಗ ಕಪ್ಲರಿಗೆ ನುಗ್ಗಿದ ನೀರು, ಹಸಿರುಗಟ್ಟಿದ ಪಿನ್. ವೈರಿಗೆ ಸೂಜಿ ಚುಚ್ಚಿ ವೋಲ್ಟ್ ನೋಡುವ ಅಭ್ಯಾಸವೂ ಕೆಟ್ಟದ್ದು. ಆ ತೂತಿನಿಂದ ನೀರಿಳಿದು ತಂತಿ ಒಳಗೇ ಕೊಳೆಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ರೇಲ್‌ನದು. ಎಂಜಿನ್ ಓಡುವಾಗ ಅದರಲ್ಲಿ 1,000 ಬಾರ್‌ಗೂ ಮೀರಿದ ಒತ್ತಡವಿರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆಯೂ ಚರ್ಮ ಸೀಳಿ ಒಳಹೋಗಬಲ್ಲದು. ಸೋರಿಕೆಯನ್ನು ಕೈಯಿಂದ ತಡವಿ ಹುಡುಕಲೇಬಾರದು.

ಐಟಿಐಗಳಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿ ಇದೆ. ಈ ವಿದ್ಯೆಯ ಬುನಾದಿ ಅಲ್ಲಿ ಸಿಗುತ್ತದೆ. ಉಳಿದದ್ದು ಯಂತ್ರದ ಪಕ್ಕದಲ್ಲೇ ಕಲಿಯಬೇಕು. ತೊಡಕಿರುವುದು ವೈರಿಂಗ್ ನಕ್ಷೆ ಮತ್ತು ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಹೊರಗಿನ ಮೆಕ್ಯಾನಿಕ್‌ಗೆ ಅವು ಸುಲಭವಾಗಿ ಸಿಗುವುದಿಲ್ಲ. ಮಾರುಕಟ್ಟೆಯ ಸ್ಕ್ಯಾನರ್‌ಗಳು ಸಾಮಾನ್ಯ ಕೋಡ್‌ಗಳನ್ನು ಓದಿ, ಕಂಪನಿಯ ಸ್ವಂತ ಕೋಡ್ ಬಂದಾಗ ಹಲವು ಸಲ ಸುಮ್ಮನಾಗುತ್ತವೆ. ಕನಿಷ್ಠ ನಕ್ಷೆಗಳನ್ನಾದರೂ ಕಂಪನಿಗಳು ಎಲ್ಲರಿಗೂ ತೆರೆದಿಡಬೇಕು. ಕ್ವಾರಿಯಲ್ಲಿ ಒಂದು ದಿನ ನಿಂತ ಯಂತ್ರ ಆಪರೇಟರ್, ಹೆಲ್ಪರ್, ಟಿಪ್ಪರ್ ಚಾಲಕ ಎಲ್ಲರ ದುಡಿಮೆಯನ್ನೂ ನಿಲ್ಲಿಸುತ್ತದೆ.

ಆಪರೇಟರ್‌ಗಳಿಂದ ಆಗಬೇಕಾದದ್ದೂ ಒಂದಿದೆ. ಕೋಡ್ ಬಂದಾಗ ಅಳಿಸುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ. ಅವರ್ ಮೀಟರ್ ಎಷ್ಟು ತೋರಿಸುತ್ತಿತ್ತು, ಆಗ ಬಕೆಟ್ ಲೋಡಿನಲ್ಲಿತ್ತೇ, ಎಂಜಿನ್ ತಣ್ಣಗಿತ್ತೇ, ಮಳೆ ಬಂದಿತ್ತೇ ಎಂದು ಬರೆದಿಟ್ಟು ಮೆಕ್ಯಾನಿಕ್ ಬಂದಾಗ ಆ ಚೀಟಿಯನ್ನೇ ಮೊದಲು ಅವರ ಕೈಗೆ ಕೊಡಿ.