ವಿಶ್ವಾಸಪ್ರಮಾಣದಲ್ಲಿ ‘ನಾವು’ ಎಂದರೆ ಯಾರು?

“ಒಳ್ಳೆಯವರಾಗಿ ಬಾಳಿದರೆ ಸಾಲದೇ ಫಾದರ್, ಈ ಸಿದ್ಧಾಂತಗಳೆಲ್ಲ ಏತಕ್ಕೆ?” ಎಂದು ನಮ್ಮ ಯುವಜನರು ಮಾತ್ರವಲ್ಲ, ಹಿರಿಯರೂ ಕೇಳುವುದುಂಟು. ಪ್ರಶ್ನೆ ಪ್ರಾಮಾಣಿಕವಾದುದು. ಪ್ರೀತಿ, ಕ್ಷಮೆ, ಸೇವೆ, ಸತ್ಯ ಇವು ಎಲ್ಲರಿಗೂ ತಿಳಿಯುವ ಮೌಲ್ಯಗಳು. ತ್ರಿತ್ವ, ಮನುಷ್ಯಾವತಾರ, ಪುನರುತ್ಥಾನ ಇವೆಲ್ಲ ಪಂಡಿತರಿಗೆ ಬಿಟ್ಟ ವಿಚಾರಗಳೆಂದು ತೋರುತ್ತವೆ. ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದೊಡನೆ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಬಾಯಿಪಾಠದಂತೆ ಹೇಳಿ ಕುಳಿತುಕೊಳ್ಳುವ ನಮಗೆ, ಅದರ ಪದಪದಗಳಿಗೂ ಹಿಂದಿನವರು ತೆತ್ತ ಬೆಲೆ ನೆನಪಾಗುವುದು ಅಪರೂಪ. ಆದರೆ ಮೌಲ್ಯಗಳು ಫಲವಾದರೆ ಸಿದ್ಧಾಂತವೇ ಅದರ ಬೇರು. ಬೇರನ್ನು ಕಿತ್ತು ಫಲವನ್ನು ಬಹುಕಾಲ ಉಳಿಸಿಕೊಳ್ಳಲಾಗದು. ನಮ್ಮ ವಿಶ್ವಾಸಪ್ರಮಾಣದ ಇತಿಹಾಸವೇ ಇದಕ್ಕೆ ಸಾಕ್ಷಿ.

ನೈಸಿಯದಲ್ಲಿ ನಡೆದುದೇನು?

ನಾಲ್ಕನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಅರಿಯುಸ್ ಎಂಬ ಗುರುವಿದ್ದರು. ದೇವರು ಒಬ್ಬರೇ ಆದುದರಿಂದ ಸುತರು ಪಿತನಿಗೆ ಸಮಾನರಾಗಲಾರರು, ಅವರು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠರಾದರೂ ಸೃಷ್ಟಿಯೇ, ಅವರು ಇಲ್ಲದಿದ್ದ ಸ್ಥಿತಿಯೂ ಒಂದಿತ್ತು ಎಂಬುದು ಅವರ ಬೋಧನೆ. ಕೇಳಲು ತರ್ಕಬದ್ಧವಾಗಿ ತೋರುವ ಈ ಮಾತು ಬಹುಬೇಗ ಹಬ್ಬಿತು. ಸಾಮ್ರಾಟ ಕಾನ್‌ಸ್ಟಂಟೈನ್ 325ರಲ್ಲಿ ಧರ್ಮಾಧ್ಯಕ್ಷರನ್ನು ನೈಸಿಯಕ್ಕೆ ಕರೆಸಿದರು. ಇಂದು ಟರ್ಕಿ ದೇಶದಲ್ಲಿರುವ ಆ ಊರಿನ ಹೆಸರು ಇಜ್ನಿಕ್. ಅಲ್ಲಿ ಸೇರಿದ ಪಿತೃಗಳ ಸಂಖ್ಯೆ 318 ಎಂದು ಸಂಪ್ರದಾಯ ಹೇಳುತ್ತದೆ. ಅವರಲ್ಲಿ ಕೆಲವರು ಹಿಂದಿನ ಹಿಂಸೆಯ ಗಾಯಗಳನ್ನು ಮೈಮೇಲೆ ಹೊತ್ತವರಾಗಿದ್ದರು.

ಆ ಮಹಾಸಭೆಯು ಸುತರನ್ನು ಕುರಿತು ಎರಡು ಮಾತುಗಳನ್ನು ನಿರ್ಧರಿಸಿ ಹೇಳಿತು. ಅವರು ಪಿತನಿಂದ ಜನಿಸಿದವರೇ ಹೊರತು ನಿರ್ಮಿತರಾದವರಲ್ಲ ಎಂಬುದು ಒಂದು. ಪಿತನ ಸತ್ವವೇ ಅವರ ಸತ್ವ ಎಂಬುದು ಇನ್ನೊಂದು. ಕುಂಬಾರನು ಮಡಕೆಯನ್ನು ಮಾಡುತ್ತಾನೆ. ಮಡಕೆ ಎಷ್ಟೇ ಸುಂದರವಾದರೂ ಅದು ಕುಂಬಾರನಾಗದು. ಆದರೆ ಕುಂಬಾರನಿಗೆ ಹುಟ್ಟಿದ ಮಗು ಅವನಂತೆಯೇ ಮನುಷ್ಯ, ಅವನಿಗಿಂತ ಒಂದಿಷ್ಟೂ ಕಡಿಮೆಯಾದ ಮನುಷ್ಯನಲ್ಲ. ಮಾನವ ಜನನದಲ್ಲಿ ಮೊದಲು ತಂದೆ, ಆಮೇಲೆ ಮಗ ಎಂಬ ಕಾಲದ ಅಂತರವಿದೆ. ದೇವರಲ್ಲಿ ಅದೂ ಇಲ್ಲ. ‘ಒಂದೇ ಸತ್ವ’ ಎಂಬರ್ಥದ ಗ್ರೀಕ್ ಪದವು ಪವಿತ್ರ ಗ್ರಂಥದಲ್ಲಿ ಇಲ್ಲವೆಂದು ಅಂದು ಅನೇಕರು ಆಕ್ಷೇಪಿಸಿದರು. ಪದ ತತ್ವಶಾಸ್ತ್ರದ್ದು, ನಿಜ. ಆದರೆ ಅದು ಕಾಪಾಡಿದ ಸತ್ಯ ಶುಭಸಂದೇಶದ್ದು.

ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರ ಜೊತೆ ನೈಸಿಯಕ್ಕೆ ಬಂದಿದ್ದ ಅಥನಾಸಿಯುಸ್ ಎಂಬ ಸೇವಕಗುರು 328ರಲ್ಲಿ ತಾವೇ ಅಲ್ಲಿನ ಧರ್ಮಾಧ್ಯಕ್ಷರಾದರು. ಮಹಾಸಭೆ ಮುಗಿದರೂ ವಿವಾದ ಮುಗಿಯಲಿಲ್ಲ; ಸಾಮ್ರಾಟರ ಒಲವು ಬದಲಾದಂತೆಲ್ಲ ಅವರು ಐದು ಬಾರಿ ಗಡೀಪಾರಾಗಿ, ಸುಮಾರು ಹದಿನೇಳು ವರ್ಷಗಳನ್ನು ತಮ್ಮ ಪೀಠದಿಂದ ದೂರ ಕಳೆದರು. ಅವರ ವಾದದ ತಿರುಳು ಸರಳ. ಸೃಷ್ಟಿಯು ಸೃಷ್ಟಿಯನ್ನು ದೇವರೊಡನೆ ಒಂದುಗೂಡಿಸಲಾರದು. ಕ್ರಿಸ್ತರು ದೇವರಲ್ಲದಿದ್ದರೆ ಶಿಲುಬೆಯ ಮೇಲೆ ನಮ್ಮನ್ನು ಅರಸಿ ಬಂದವರು ದೇವರಲ್ಲ, ದೇವರ ಒಬ್ಬ ದೂತ ಮಾತ್ರ. ಆಗ ದೇವರು ಮೇಲೆಯೇ ಉಳಿದರು, ನಾವು ಕೆಳಗೆಯೇ ಉಳಿದೆವು.

381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಎರಡನೆಯ ಮಹಾಸಭೆಗೆ ಸಂಬಂಧಿಸಿದ ವಿಸ್ತೃತ ಪಾಠವನ್ನೇ ನಾವು ಇಂದು ಬಲಿಪೂಜೆಯಲ್ಲಿ ಬಳಸುತ್ತೇವೆ. ಪವಿತ್ರಾತ್ಮರನ್ನು ಪಿತ ಮತ್ತು ಸುತರೊಡನೆ ಆರಾಧಿಸಬೇಕೆಂಬುದು, ಧರ್ಮಸಭೆ ಏಕ, ಪವಿತ್ರ, ಕಥೋಲಿಕ ಹಾಗೂ ಪ್ರೇಷಿತ ಎಂಬುದು, ಪಾಪಕ್ಷಮೆಗಾಗಿ ಇರುವ ಜ್ಞಾನಸ್ನಾನ ಒಂದೇ ಎಂಬುದು, ಇವೆಲ್ಲ ಅದರಲ್ಲಿವೆ. ನೈಸಿಯದ 1700ನೆಯ ವರ್ಷವಾದ 2025ರ ನವೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಇಜ್ನಿಕ್‌ಗೆ ತೆರಳಿ, ಆರ್ಥೊಡಾಕ್ಸ್ ಸಭೆಯ ಪಿತೃಪ್ರಧಾನ ಬಾರ್ತಲೋಮಿಯೊ ಮತ್ತಿತರರೊಡನೆ ಪ್ರಾರ್ಥಿಸಿದುದು ಈ ಪ್ರಮಾಣವು ಬೇರ್ಪಟ್ಟ ಸಭೆಗಳನ್ನು ಇಂದಿಗೂ ಜೋಡಿಸಬಲ್ಲದೆಂಬುದನ್ನು ತೋರಿಸಿತು.

ಎರಡು ಹೆಸರುಗಳು

ಯೇಸುಸ್ವಾಮಿಯನ್ನು ಬಿಟ್ಟರೆ ಈ ಪ್ರಮಾಣದಲ್ಲಿ ಬರುವ ಮಾನವರ ಹೆಸರುಗಳು ಎರಡೇ: ಮರಿಯಮ್ಮನವರದು ಮತ್ತು ಪೊಂತಿಯ ಪಿಲಾತನದು. ಒಬ್ಬರು ದೇವರಿಗೆ ‘ಆಗಲಿ’ ಎಂದವರು, ಇನ್ನೊಬ್ಬನು ಸತ್ಯವನ್ನು ಎದುರಿಗಿಟ್ಟುಕೊಂಡು ಕೈ ತೊಳೆದುಕೊಂಡವನು. ರೋಮನ್ ಅಧಿಕಾರಿಯೊಬ್ಬನ ಹೆಸರು ನಮ್ಮ ಪ್ರಾರ್ಥನೆಯಲ್ಲಿ ಏಕಿದೆ? ನಮ್ಮ ವಿಶ್ವಾಸ ಕಾಲವಿಲ್ಲದ ಕಥೆಯಲ್ಲ, ಒಂದು ನಾಡಿನಲ್ಲಿ, ಒಬ್ಬ ಅಧಿಕಾರಿಯ ಆಳ್ವಿಕೆಯಲ್ಲಿ ನಡೆದ ಘಟನೆ ಎಂಬುದನ್ನು ಸಾರಲು. ದೇವಸುತರು ಮನುಷ್ಯರಾದರೆಂಬ ಮಾತು ಬಂದಾಗ ನಾವು ತಲೆಬಾಗುತ್ತೇವೆ. ಕ್ರಿಸ್ತಜಯಂತಿಯಂದು ಮತ್ತು ಮಂಗಳವಾರ್ತೆಯ ಹಬ್ಬದಂದು ಮಂಡಿಯೂರುತ್ತೇವೆ. ದೇವರು ನಮ್ಮಷ್ಟು ಕೆಳಗಿಳಿದು ಬಂದಿರುವಾಗ ನಾವು ನಿಂತೇ ಇರುವುದು ಉಚಿತವಲ್ಲ ಎಂಬುದೇ ಅದರ ಅರ್ಥ.

ಸಿದ್ಧಾಂತದಿಂದ ಮೌಲ್ಯಕ್ಕೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೇವರು ಸರ್ವಸೃಷ್ಟಿಕರ್ತರು ಎಂದು ನಂಬುವವನಿಗೆ ಗರ್ಭದಲ್ಲಿರುವ ಶಿಶುವಾಗಲಿ, ಹಾಸಿಗೆ ಹಿಡಿದ ವೃದ್ಧರಾಗಲಿ ಹೊರೆಯೆನಿಸರು. ದೇವರು ದೇಹಧಾರಿಯಾದರು ಎಂದು ನಂಬುವವನು ಹಸಿದ ದೇಹವನ್ನೂ ದುಡಿದ ಕೈಯನ್ನೂ ಹೀನವೆನ್ನಲಾರ. ಪವಿತ್ರಾತ್ಮರ ದೈವತ್ವವನ್ನು ಸಮರ್ಥಿಸಿ ಗ್ರಂಥ ಬರೆದ ಸಂತ ಬಾಸಿಲರೇ ಕೈಸರೈಯ ನಗರದ ಹೊರಗೆ ಬಡವರಿಗೂ ರೋಗಿಗಳಿಗೂ ಪ್ರಯಾಣಿಕರಿಗೂ ದೊಡ್ಡ ಆಶ್ರಯಧಾಮವನ್ನು ಕಟ್ಟಿಸಿದರು. ಕುಷ್ಠರೋಗಿಗಳನ್ನು ಸಹ ಅಲ್ಲಿ ಸೋದರರಂತೆ ಕಂಡರು. ಅವರಿಗೆ ಸಿದ್ಧಾಂತ ಬೇರೆ, ಸೇವೆ ಬೇರೆ ಆಗಿರಲಿಲ್ಲ.

ನೈಸಿಯದ ಮೂಲ ಗ್ರೀಕ್ ಪಾಠ ‘ನಾವು ವಿಶ್ವಾಸಿಸುತ್ತೇವೆ’ ಎಂದು ಆರಂಭವಾಗುತ್ತದೆ. ಆರಾಧನೆಯ ಲತೀನ್ ಪಾಠದಲ್ಲಿ ಅದು ‘ನಾನು’ ಎಂದಾಯಿತು. ಜ್ಞಾನಸ್ನಾನದಲ್ಲಿ ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಉತ್ತರಿಸಬೇಕಾದುದರಿಂದ ಅದೂ ಯುಕ್ತವೇ. ಆದರೆ ಆ ‘ನಾವು’ ಎಂಬುದನ್ನು ಮರೆಯಬಾರದು. ಆ ‘ನಾವು’ ಒಳಗೆ ಯಾರು ಯಾರಿದ್ದಾರೆ? ಈ ಪ್ರಶ್ನೆಯ ಮುಂದೆ ನಮ್ಮ ಕುಟುಂಬಗಳು ಪರೀಕ್ಷೆಗೊಳಗಾಗುತ್ತವೆ.

ಜ್ಞಾನಸ್ನಾನ ಒಂದೇ ಎಂದು ಭಾನುವಾರ ಘೋಷಿಸುತ್ತೇವೆ. ಸೋಮವಾರ ಮಗಳಿಗೆ ಸಂಬಂಧ ಬಂದರೆ ಹುಡುಗನ ವಿದ್ಯೆ, ಗುಣ, ದೈವಭಕ್ತಿಗಳಿಗಿಂತ ಮೊದಲು, ಅವನ ಪೂರ್ವಜರು ಕ್ರೈಸ್ತರಾಗುವ ಮುನ್ನ ಯಾವ ಜಾತಿಯವರಾಗಿದ್ದರೆಂದು ಪಿಸುಮಾತಿನಲ್ಲಿ ವಿಚಾರಿಸುತ್ತೇವೆ. ‘ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ’ ಎಂಬ ಗಾದೆ ನಮಗೂ ಅನ್ವಯಿಸುತ್ತದೆ. 1983ರ ಧರ್ಮಸಭಾ ಕಾನೂನು ವಿವಾಹಕ್ಕೆ ಇರುವ ಅಡ್ಡಿಗಳನ್ನು ಒಂದೊಂದಾಗಿ ಎಣಿಸುತ್ತದೆ. ಆ ಪಟ್ಟಿಯಲ್ಲಿ ಜಾತಿ ಇಲ್ಲ. ಧರ್ಮಸಭೆ ಇಡದ ಅಡ್ಡಿಯನ್ನು ಇಡಲು ನಮಗೆ ಅಧಿಕಾರ ಕೊಟ್ಟವರಾರು?

ಇದು ಹೊಸ ರೋಗವಲ್ಲ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ತೃಪ್ತರಾಗಿ, ಇಲ್ಲದವರು ಹಸಿದು ಉಳಿದಾಗ, ನೀವು ಆಚರಿಸುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಕಟುವಾಗಿ ಬರೆದರು. ಜಗದ್ಗುರು ಎರಡನೆಯ ಜಾನ್ ಪೌಲರು 2003ರ ನವೆಂಬರಿನಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತನಾಡುತ್ತಾ, ಕ್ರೈಸ್ತರ ನಡುವಿನ ಜಾತಿಭಾವನೆ ನಿಜವಾದ ಮಾನವ ಐಕ್ಯತೆಗೆ ವಿರುದ್ಧವಾದ ಗುರುತೆಂದು ಎಚ್ಚರಿಸಿದರು. ಭಾರತದ ಧರ್ಮಾಧ್ಯಕ್ಷರು 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಈ ಭೇದ ನಮ್ಮೊಳಗೇ ಇದೆಯೆಂದು ಬಹಿರಂಗವಾಗಿ ಒಪ್ಪಿಕೊಂಡರು.

1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸೌಲಭ್ಯಗಳನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ದಲಿತ ಕ್ರೈಸ್ತರಿಗೂ ಆ ನ್ಯಾಯ ದೊರೆಯಲೆಂದು ಧರ್ಮಸಭೆ ದಶಕಗಳಿಂದ ಕೇಳುತ್ತಾ ಬಂದಿದೆ. ಕೇಳಿಕೆ ನ್ಯಾಯವಾದುದೇ. ಆದರೆ ಸರ್ಕಾರದ ಬಾಗಿಲಲ್ಲಿ ನ್ಯಾಯ ಬೇಡುವ ನಾವು, ಅದೇ ಸೋದರರು ನಮ್ಮ ಬಾಗಿಲಿಗೆ ಸಂಬಂಧ ಕೇಳಿ ಬಂದಾಗ ಏನು ಉತ್ತರಿಸುತ್ತೇವೆ?

ಇಲ್ಲಿ ಕೇವಲ ‘ಒಳ್ಳೆಯತನ’ ಸೋಲುತ್ತದೆ. ಜಾತಿ ವಿಚಾರಿಸುವವರು ಕೆಟ್ಟವರೇನಲ್ಲ. ಅವರು ದಾನಿಗಳು, ಜಪಸರವನ್ನು ತಪ್ಪಿಸದವರು, ನೆರೆಯವರ ಕಷ್ಟಕ್ಕೆ ಒದಗುವವರು. ಒಳ್ಳೆಯತನವೆಂಬುದು ಬಹುಮಟ್ಟಿಗೆ ಸುತ್ತಲಿನ ಸಮಾಜ ಒಪ್ಪಿದ ಅಳತೆ. ಸಮಾಜ ಭೇದವನ್ನು ಒಪ್ಪಿದರೆ ಅದೂ ಒಪ್ಪುತ್ತದೆ. ಆ ಅಳತೆಯನ್ನೇ ಪ್ರಶ್ನಿಸಲು ಅದಕ್ಕಿಂತ ಆಳವಾದ ಆಧಾರ ಬೇಕು. ಪಿತನ ಸತ್ವವನ್ನೇ ಹೊಂದಿದ ಸುತರು ನಮ್ಮೆಲ್ಲರ ಮಾನವತ್ವವನ್ನು ಧರಿಸಿದರು, ಒಂದು ವಂಶದ ಶ್ರೇಷ್ಠತೆಯನ್ನಲ್ಲ ಎಂಬ ವಿಶ್ವಾಸವೇ ಆ ಆಧಾರ.

ಕಥೋಲಿಕ ಎಂಬ ಪದದ ಅರ್ಥವೂ ‘ಸಮಗ್ರವನ್ನು ಒಳಗೊಂಡದ್ದು’ ಎಂದೇ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ವ್ಯಾಟಿಕನ್ ದ್ವಿತೀಯ ಮಹಾಸಭೆ 1965ರಲ್ಲಿ ಸಾರಿತು. ನೆರೆಮನೆಯ ಹಿಂದೂ, ಮುಸಲ್ಮಾನ ಬಂಧುಗಳನ್ನು ಗೌರವಿಸುವ ನಾವು ನಮ್ಮದೇ ಪರಮಪ್ರಸಾದದ ಪಂಕ್ತಿಯಲ್ಲಿರುವವರನ್ನು ದೂರವಿಡುವುದು ಎಂತಹ ವಿರೋಧಾಭಾಸ!

ಮನೆಯಲ್ಲಿ ಮಾಡಬಹುದಾದುದು

ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಕುಟುಂಬವೆಲ್ಲ ಕುಳಿತು, ವಾರಕ್ಕೊಂದರಂತೆ ವಿಶ್ವಾಸಪ್ರಮಾಣದ ಒಂದೊಂದು ವಾಕ್ಯವನ್ನು ನಿಧಾನವಾಗಿ ಓದಿರಿ. ‘ಇದು ನಿಜವಾದರೆ ನಮ್ಮ ಮನೆಯಲ್ಲಿ ಏನು ಬದಲಾಗಬೇಕು?’ ಎಂದು ಕೇಳಿಕೊಳ್ಳಿರಿ. ಮಕ್ಕಳು ಪ್ರಶ್ನಿಸಲಿ, ಉತ್ತರ ತೋಚದಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ತನ್ನಿರಿ, ಅದಕ್ಕಾಗಿಯೇ ನಾವಿದ್ದೇವೆ. ಒಂದೇ ಜ್ಞಾನಸ್ನಾನದ ವಾಕ್ಯ ಬಂದ ವಾರ, ಮದುವೆಯ ವಯಸ್ಸಿನ ಮಕ್ಕಳ ಎದುರಿಗೇ ತಂದೆತಾಯಂದಿರು ಒಂದು ನಿರ್ಧಾರವನ್ನು ಬಾಯಿಬಿಟ್ಟು ಹೇಳಲಿ: ಈ ಮನೆಯಲ್ಲಿ ಇನ್ನು ಮುಂದೆ ಯಾರ ಜಾತಿಯನ್ನೂ ವಿಚಾರಿಸಲಾಗದು. ನೈಸಿಯದ ಪಿತೃಗಳು ಕಾಪಾಡಿಕೊಟ್ಟ ವಿಶ್ವಾಸಕ್ಕೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದಿಲ್ಲ.